ಎರಡನೆಯದನ್ನೂ ಈಗಲೇ ಹೆತ್ತು ಮುಗಿಸಿಬಿಡಲೇ?

ಪ್ರಶ್ನೆ: ನನಗೆ 19 ವರ್ಷ. ಮಗಳಿಗೆ ಏಳು ತಿಂಗಳು. ಗರ್ಭಿಣಿಯಾದಾಗ ಕಾಲೇಜಿನ ಮೊದಲ ವರ್ಷದಲ್ಲಿದ್ದೆ, ಪರೀಕ್ಷೆಗೆ ಕೂರಲಾಗಲಿಲ್ಲ. ಮಗು 36ನೇ ವಾರಕ್ಕೇ ಹುಟ್ಟಿತು, ತೂಕ 2.2 ಕಿಲೋ. ‘ಇನ್ನೂ ಬಲಿಯದ ಮೈಯಲ್ಲಿ ಹುಟ್ಟಿದ ಕೂಸು, ಬುದ್ಧಿಯೂ ಅಷ್ಟಕ್ಕಷ್ಟೇ’ ಎಂದು ಬಂಧುಗಳು ನನ್ನ ಎದುರಿಗೇ ಅನ್ನುತ್ತಾರೆ. ಪಕ್ಕದ ಮನೆಯ ಅದೇ ವಯಸ್ಸಿನ ಮಗು ಕೂರುತ್ತದೆ, ನನ್ನ ಮಗಳು ಕೂರಿಸಿದರೆ ಪಕ್ಕಕ್ಕೆ ವಾಲುತ್ತಾಳೆ. ಅಮ್ಮನ ಮನೆಯಲ್ಲಿದ್ದೇನೆ. ಎಲ್ಲವನ್ನೂ ಅಮ್ಮನೇ ನೋಡಿಕೊಳ್ಳುತ್ತಾಳೆ. ಮಗು ಅತ್ತರೆ ಅವಳ ಕೈಗೆ ಹೋದ ಮೇಲೆಯೇ ಸುಮ್ಮನಾಗುವುದು. ಗಂಡ ವಾರಕ್ಕೊಮ್ಮೆ ಬರುತ್ತಾರೆ. ಸಿಟ್ಟಿನಲ್ಲಿ ಒಮ್ಮೆ ಕೈ ಎತ್ತಿದ್ದೂ ಇದೆ, ಅದೇನೂ ದೊಡ್ಡದಲ್ಲ. ‘ಓದು ಹೇಗೂ ನಿಂತಿದೆ, ಇನ್ನೊಂದನ್ನೂ ಬೇಗ ಹೆತ್ತು ಆಪರೇಷನ್ ಮಾಡಿಸಿಕೋ, ಆಮೇಲೆ ಬೇಕಾದ್ದು ಮಾಡು’ ಎನ್ನುತ್ತಾರೆ ಅತ್ತೆ. ನನಗೂ ಅದೇ ಸರಿ ಎನಿಸತೊಡಗಿದೆ. ಮುಟ್ಟು ಇನ್ನೂ ಶುರುವಾಗಿಲ್ಲ, ಹಾಗಾಗಿ ಸದ್ಯಕ್ಕಂತೂ ಭಯವಿಲ್ಲ. ಸದಾ ಸುಸ್ತು, ತಲೆ ಬಾಚಿದರೆ ಕೂದಲು ಹಿಡಿಗಟ್ಟಲೆ ಬರುತ್ತದೆ. ಮಗುವನ್ನು ನೋಡಿದರೆ ಪ್ರೀತಿ ಉಕ್ಕಬೇಕಲ್ಲವೇ ಡಾಕ್ಟರ್? ನನಗೆ ಏನೂ ಅನಿಸುವುದಿಲ್ಲ. ನಾನಿಲ್ಲದಿದ್ದರೂ ಇವಳು ಅಮ್ಮನ ಹತ್ತಿರ ಚೆನ್ನಾಗಿಯೇ ಬೆಳೆಯುತ್ತಾಳೆ ಎಂದು ರಾತ್ರಿ ಹೊತ್ತು ಎನಿಸುತ್ತದೆ. ನನ್ನ ಬದುಕು ಮುಗಿಯಿತೇ?

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲುಗಳಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಉಳಿದ ಪ್ರಶ್ನೆಗಳು ಒಂದು ವಾರ ಕಾಯಬಲ್ಲವು, ಇದು ಕಾಯುವಂಥದ್ದಲ್ಲ. ‘ನಾನಿಲ್ಲದಿದ್ದರೂ ನಡೆಯುತ್ತದೆ’ ಎಂಬ ಯೋಚನೆ ರಾತ್ರಿಗಳಲ್ಲಿ ಬರುತ್ತಿದೆ ಎಂದರೆ ಇದನ್ನು ಓದಿದ ದಿನವೇ ಅಮ್ಮನಿಗೆ ಅದನ್ನು ಬಾಯಿ ಬಿಟ್ಟು ಹೇಳಿ, ಒಂದೆರಡು ದಿನದೊಳಗೆ ವೈದ್ಯರನ್ನು ಕಾಣಿ. ಜೀವ ಕಳೆದುಕೊಳ್ಳುವ ಬಗೆಯೂ ಮನಸ್ಸಿಗೆ ಬಂದಿದ್ದರೆ, ಇಲ್ಲವೇ ಮಗುವಿಗೆ ಏನಾದರೂ ಮಾಡಿಬಿಡುತ್ತೇನೋ ಎಂಬ ಹೆದರಿಕೆ ಇದ್ದರೆ, ಆ ಒಂದೆರಡು ದಿನವೂ ಬೇಡ. ಈಗಲೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಅಲ್ಲಿಯವರೆಗೆ ಒಬ್ಬರೇ ಇರಬೇಡಿ. ಹೀಗೆ ಹೇಳಿಕೊಂಡರೆ ‘ಕೆಟ್ಟ ತಾಯಿ’ ಎಂದುಕೊಳ್ಳುತ್ತಾರೆ ಎಂಬ ಅಂಜಿಕೆ ನನ್ನ ಮುಂದೆ ಕುಳಿತ ಎಷ್ಟೋ ಎಳೆಯ ತಾಯಂದಿರಲ್ಲಿ ಕಂಡಿದ್ದೇನೆ. ವೈದ್ಯರಿಗೆ ಈ ಮಾತು ಹೊಸದಲ್ಲ. ಅವರು ನಿಮ್ಮನ್ನು ಅಳೆಯುವುದಿಲ್ಲ, ಚಿಕಿತ್ಸೆ ಶುರು ಮಾಡುತ್ತಾರೆ.

ಹೆರಿಗೆಯಾದ ಮೂರು ನಾಲ್ಕನೇ ದಿನ ಸುಮ್ಮಸುಮ್ಮನೆ ಅಳು ಬರುವುದು, ಕಿರಿಕಿರಿಯಾಗುವುದು ಬಹುಪಾಲು ತಾಯಂದಿರಿಗೆ ಆಗುತ್ತದೆ. ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ. ಏಳನೇ ತಿಂಗಳಲ್ಲಿ ಇರುವುದು ಅದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆತ್ತ ತಾಯಂದಿರಲ್ಲಿ ಸುಮಾರು 13 ಪ್ರತಿಶತ ಮಂದಿಗೆ ಮಾನಸಿಕ ತೊಂದರೆ ಕಾಣಿಸಿಕೊಳ್ಳುತ್ತದೆ, ಅದರಲ್ಲಿ ಮುಖ್ಯವಾದದ್ದು ಖಿನ್ನತೆ. ಹದಿಹರೆಯದಲ್ಲಿ ತಾಯಿಯಾದವರಲ್ಲಿ ಇದು ಇನ್ನೂ ಹೆಚ್ಚು. ಖಿನ್ನತೆ ಎಂದರೆ ಸದಾ ಅಳುತ್ತಾ ಕೂರುವುದೇ ಆಗಬೇಕಿಲ್ಲ. ಏನೂ ಅನಿಸದೆ ಇರುವುದು, ಮಗುವಿನ ಮುಖ ನೋಡಿದರೂ ಒಳಗೆ ಏನೂ ಅಲುಗದೆ ಇರುವುದು ಅದರದೇ ಲಕ್ಷಣ. ಅಂದರೆ ನಿಮ್ಮಲ್ಲಿ ಪ್ರೀತಿ ಇಲ್ಲವೆಂದಲ್ಲ, ಕಾಯಿಲೆ ಅದನ್ನು ಅನುಭವಕ್ಕೆ ಬರಗೊಡುತ್ತಿಲ್ಲ. ಚಿಕಿತ್ಸೆ ಪಡೆದವರಲ್ಲಿ ಅದು ಮೆಲ್ಲನೆ ಮರಳುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಇದನ್ನು ಗುರುತಿಸಲು 1987ರಲ್ಲಿ ರೂಪಿಸಿದ ಎಡಿನ್‌ಬರೋ ಮಾಪಕ ಎಂಬ ಪ್ರಶ್ನಾವಳಿ ಇದೆ. ಹತ್ತೇ ಪ್ರಶ್ನೆ, ಕಳೆದ ಏಳು ದಿನ ಹೇಗಿದ್ದಿರಿ ಎಂಬುದರ ಮೇಲೆ ಉತ್ತರ, ಐದು ನಿಮಿಷದ ಕೆಲಸ. ಅಂಕ ಹೆಚ್ಚು ಬಂದರೆ ಅದೇ ರೋಗನಿರ್ಣಯವಲ್ಲ, ವಿವರವಾಗಿ ಮಾತಾಡಬೇಕು ಎಂಬ ಸೂಚನೆ. ಸೌಮ್ಯ ಖಿನ್ನತೆಗೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ಮಾತ್ರೆ ಬೇಕಾದರೆ ‘ಹಾಲು ಬಿಡಿಸಬೇಕಾಗುತ್ತದೆ’ ಎಂಬ ಭಯದಿಂದ ಹಿಂಜರಿಯಬೇಡಿ. ಸರ್ಟ್ರಾಲಿನ್‌ನಂಥ ಔಷಧ ಎದೆಹಾಲಿಗೆ ಸೇರುವುದು ಅತ್ಯಲ್ಪ, ಹಾಲೂಡಿಸುವ ತಾಯಂದಿರಿಗೆ ಅದನ್ನು ಧಾರಾಳವಾಗಿ ಕೊಡುತ್ತಾರೆ. ಒಂದು ಎಚ್ಚರಿಕೆ ಮಾತ್ರ ನಿಮ್ಮ ವಯಸ್ಸಿಗೆ ಸಂಬಂಧಿಸಿದ್ದು: 25 ತುಂಬದವರಲ್ಲಿ ಖಿನ್ನತೆಯ ಮಾತ್ರೆ ಶುರುವಾದ ಮೊದಲ ಕೆಲವು ವಾರ ಆತ್ಮಹತ್ಯೆಯ ಯೋಚನೆ ತುಸು ಹೆಚ್ಚಾಗುವ ಸಾಧ್ಯತೆ ಇದೆ. ಹಾಗಾಗಿ ಆ ವಾರಗಳಲ್ಲಿ ವೈದ್ಯರ ಭೇಟಿ ತಪ್ಪಿಸಬಾರದು, ಮಾತ್ರೆಯ ಪೊಟ್ಟಣ ಅಮ್ಮನ ಬಳಿ ಇರಲಿ, ಚಡಪಡಿಕೆ ಹೆಚ್ಚಾದರೆ ಆ ದಿನವೇ ತಿಳಿಸಿ. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಲೂಬಾರದು.

ಎಲ್ಲ ಸುಸ್ತನ್ನೂ ಮನಸ್ಸಿನ ಖಾತೆಗೆ ಬರೆಯುವುದೂ ತಪ್ಪು. ಎರಡು ರಕ್ತಪರೀಕ್ಷೆ ಮಾಡಿಸಿ. ಒಂದು ಹಿಮೋಗ್ಲೋಬಿನ್. ಗರ್ಭ, ಹೆರಿಗೆಯ ರಕ್ತಸ್ರಾವ ಎರಡೂ ಸೇರಿ ಕಬ್ಬಿಣದ ದಾಸ್ತಾನನ್ನು ಬರಿದು ಮಾಡುತ್ತವೆ, ಹದಿಹರೆಯದಲ್ಲಿ ಆ ದಾಸ್ತಾನು ಮೊದಲೇ ಕಡಿಮೆ. 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಾ, ಹಾಲಿನ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ. ಅಂಕಿ ಸರಿಹೋದ ಮೇಲೂ ಇನ್ನು ಮೂರು ತಿಂಗಳಾದರೂ ಮುಂದುವರಿಸಬೇಕು, ಇಲ್ಲದಿದ್ದರೆ ದಾಸ್ತಾನು ತುಂಬುವುದಿಲ್ಲ. ಇನ್ನೊಂದು ಥೈರಾಯ್ಡ್. ಹೆರಿಗೆಯ ನಂತರದ ಮೊದಲ ವರ್ಷದಲ್ಲಿ ಕೆಲವರಿಗೆ ಥೈರಾಯ್ಡ್ ಗ್ರಂಥಿ ಉರಿಯೂತಕ್ಕೆ ಒಳಗಾಗುತ್ತದೆ. ಮೊದಲು ಹೆಚ್ಚು ಹಾರ್ಮೋನು ಸುರಿಸಿ, ನಾಲ್ಕರಿಂದ ಎಂಟನೇ ತಿಂಗಳ ಸುಮಾರಿಗೆ ಮಂಕಾಗುತ್ತದೆ. ಆಗ ಸುಸ್ತು, ಬೇಸರ, ಕೂದಲುದುರುವಿಕೆ ಒಟ್ಟಿಗೇ ಬರುತ್ತವೆ. ನೀವು ಈಗ ಇರುವುದು ಸರಿಯಾಗಿ ಆ ತಿಂಗಳುಗಳಲ್ಲೇ. ಎರಡೂ ವರದಿ ಚೆನ್ನಾಗಿದ್ದರೆ ಕೂದಲಿನ ಚಿಂತೆ ಬಿಡಿ. ಗರ್ಭದಲ್ಲಿ ಉದುರದೆ ನಿಂತಿದ್ದ ಕೂದಲು ಹೆರಿಗೆಯ ಮೂರು ನಾಲ್ಕು ತಿಂಗಳ ನಂತರ ಒಮ್ಮೆಲೇ ಉದುರುವುದು ಸಹಜ, ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಮತ್ತೆ ಬರುತ್ತದೆ.

ಗಂಡ ಕೈ ಎತ್ತಿದ್ದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಾನು ಹೋಗಲಾರೆ. ಗರ್ಭ ಮತ್ತು ಬಾಣಂತನದ ಕಾಲದಲ್ಲಿ ಶುರುವಾದ ಹೊಡೆತ ತಾನಾಗಿ ನಿಲ್ಲುತ್ತದೆ ಎಂದು ನಂಬಲು ನನ್ನ ವೃತ್ತಿಯ ಅನುಭವ ಬಿಡುವುದಿಲ್ಲ. ಇನ್ನೊಮ್ಮೆ ಗರ್ಭಿಣಿಯಾದರೆ ನೀವು ಇನ್ನಷ್ಟು ಅವಲಂಬಿತರಾಗುತ್ತೀರಿ, ಹೊರಬರುವ ದಾರಿ ಇನ್ನಷ್ಟು ಕಿರಿದಾಗುತ್ತದೆ. ವೈದ್ಯರನ್ನು ಕಾಣುವಾಗ ಸ್ವಲ್ಪ ಹೊತ್ತು ಒಬ್ಬರೇ ಮಾತಾಡಬೇಕೆಂದು ಕೇಳಿ, ಇದನ್ನೂ ಹೇಳಿ. ನಿಮ್ಮ ಮತ್ತು ಮಗುವಿನ ದಾಖಲೆಗಳು ನಿಮ್ಮ ಕೈಗೆ ಸಿಗುವ ಜಾಗದಲ್ಲಿರಲಿ. ನಡೆದದ್ದನ್ನು ನೀವು ನಂಬುವ ಒಬ್ಬರಿಗಾದರೂ ತಿಳಿಸಿ. ಇನ್ನೊಮ್ಮೆ ಕೈ ಎತ್ತಿದರೆ ಯಾರಿಗೆ ಕರೆ ಮಾಡುತ್ತೀರಿ, ಎಲ್ಲಿಗೆ ಹೋಗುತ್ತೀರಿ ಎಂಬುದನ್ನು ಈಗಲೇ ತೀರ್ಮಾನಿಸಿಕೊಳ್ಳಿ. ಆ ಗಳಿಗೆಯಲ್ಲಿ ಯೋಚಿಸಲು ಆಗುವುದಿಲ್ಲ.

ಇನ್ನು ‘ಎರಡನೆಯದನ್ನೂ ಹೆತ್ತು ಮುಗಿಸಿಬಿಡು’ ಎಂಬ ಸಲಹೆ. ಕೇಳಲು ಲೆಕ್ಕ ಸರಿಯಿದೆ: ಹೇಗೂ ಎರಡು ಮೂರು ವರ್ಷ ಹೋಗುತ್ತದೆ, ಇಬ್ಬರೂ ಒಟ್ಟಿಗೆ ಬೆಳೆದುಬಿಡಲಿ. ಹೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೂ ಇರಲಿಕ್ಕಿಲ್ಲ. ಆದರೆ ಎಳೆಯ ತಾಯಿಯ ಬದುಕು ಚೇತರಿಸಿಕೊಳ್ಳುತ್ತದೋ ಕುಸಿದುಬೀಳುತ್ತದೋ ಎಂಬುದನ್ನು ತೀರ್ಮಾನಿಸುವ ಒಂದೇ ಒಂದು ಸಂಗತಿಯನ್ನು ಹೇಳಿ ಎಂದು ಯಾರಾದರೂ ಕೇಳಿದರೆ ನಾನು ಮೊದಲ ಹೆರಿಗೆಯನ್ನು ತೋರಿಸುವುದಿಲ್ಲ, ಅದರ ಬೆನ್ನಿಗೇ ಬರುವ ಎರಡನೆಯದನ್ನು ತೋರಿಸುತ್ತೇನೆ. ಫ್ರ್ಯಾಂಕ್ ಫರ್ಸ್ಟೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞ ಅಮೆರಿಕದ ಬಾಲ್ಟಿಮೋರ್‌ನಲ್ಲಿ 1960ರ ದಶಕದ ಮಧ್ಯದಲ್ಲಿ ಹದಿಹರೆಯದಲ್ಲೇ ತಾಯಿಯಾದ ಹುಡುಗಿಯರನ್ನು ಗುರುತಿಸಿ, ಸುಮಾರು 17 ವರ್ಷ ಕಾಲ ಅವರ ಬದುಕನ್ನು ಹಿಂಬಾಲಿಸಿದರು. ‘ಇವರ ಕಥೆ ಮುಗಿಯಿತು’ ಎಂದು ಜನ ಅಂದುಕೊಂಡಿದ್ದಕ್ಕಿಂತ ಬಹಳ ಹೆಚ್ಚು ಮಂದಿ ಮುಂದೆ ಶಾಲೆ ಮುಗಿಸಿದ್ದರು, ಕೆಲಸಕ್ಕೆ ಸೇರಿದ್ದರು. ಓದಿಗೆ ಮರಳಿದವರು ಮತ್ತು ಮುಂದಿನ ಹೆರಿಗೆಗಳನ್ನು ಮಿತಿಯಲ್ಲಿಟ್ಟವರು ಎದ್ದು ನಿಲ್ಲುವ ಸಾಧ್ಯತೆ ಹೆಚ್ಚಿತ್ತು. ಒಂದು ಮಗು ಇರುವಾಗ ಅಜ್ಜಿ ನೋಡಿಕೊಳ್ಳುತ್ತಾಳೆ, ನೀವು ತರಗತಿಗೆ ಹೋಗಬಹುದು. ಎರಡಾದರೆ, ಅದೂ ಒಂದರ ಹಿಂದೆ ಒಂದಾದರೆ, ಆ ಅಜ್ಜಿಯೂ ಕೈಚೆಲ್ಲುತ್ತಾಳೆ.

ದೇಹದ ಲೆಕ್ಕವೂ ಇದನ್ನೇ ಹೇಳುತ್ತದೆ. ಹೆರಿಗೆಯಾದ ಮೇಲೆ ಮತ್ತೆ ಗರ್ಭ ಧರಿಸಲು ಕನಿಷ್ಠ 24 ತಿಂಗಳು ಬಿಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂತರ ತೀರಾ ಕಡಿಮೆಯಾದರೆ ಮತ್ತೆ ಅವಧಿಗೆ ಮೊದಲೇ ಹೆರಿಗೆ, ಮತ್ತೆ ಕಡಿಮೆ ತೂಕದ ಮಗು, ತಾಯಿಗೆ ಇನ್ನಷ್ಟು ರಕ್ತಹೀನತೆ. ನಿಮಗೆ ಮೊದಲ ಸಲವೇ ಅವಧಿಗೆ ಮುನ್ನ ಹೆರಿಗೆಯಾಗಿರುವುದರಿಂದ ಅದು ಮರುಕಳಿಸುವ ಸಂಭವ ಉಳಿದವರಿಗಿಂತ ಹೆಚ್ಚು.

ಇಲ್ಲಿ ನಿಮ್ಮದೊಂದು ನಂಬಿಕೆಯನ್ನು ತುರ್ತಾಗಿ ತಿದ್ದಬೇಕು. ಮುಟ್ಟು ಬಂದಿಲ್ಲವೆಂದರೆ ಗರ್ಭ ನಿಲ್ಲುವುದಿಲ್ಲ ಎಂಬುದು ಅರ್ಧ ಸತ್ಯ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿಯೂ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ಈ ಮೂರೂ ಒಟ್ಟಿಗಿದ್ದರೆ ಮಾತ್ರ ಎದೆಹಾಲೂಡಿಕೆ ಗರ್ಭನಿರೋಧದ ಕೆಲಸ ಮಾಡುತ್ತದೆ, ಆಗ ಅದು ಶೇ. 98ಕ್ಕೂ ಹೆಚ್ಚು ಪರಿಣಾಮಕಾರಿ. ನಿಮ್ಮ ಮಗಳಿಗೆ ಏಳು ತಿಂಗಳು, ಮೇಲಾಹಾರವೂ ಶುರುವಾಗಿರುತ್ತದೆ, ಅಂದರೆ ಆ ರಕ್ಷಣೆ ಮುಗಿದಿದೆ. ಮುಟ್ಟಿಗೆ ಎರಡು ವಾರ ಮೊದಲೇ ಅಂಡಾಣು ಬಿಡುಗಡೆಯಾಗುತ್ತದೆ. ಹಾಗಾಗಿ ಒಮ್ಮೆಯೂ ಮುಟ್ಟು ಕಾಣದೆಯೇ ಮತ್ತೆ ಗರ್ಭಿಣಿಯಾಗಬಹುದು. ‘ಮುಟ್ಟೇ ಬಂದಿಲ್ಲ ಡಾಕ್ಟರ್’ ಎಂದು ನಿರಾಳವಾಗಿ ಬಂದು, ಸ್ಕ್ಯಾನಿಂಗ್ ಪರದೆಯ ಮೇಲೆ ನಾಲ್ಕು ತಿಂಗಳ ಶಿಶುವನ್ನು ಕಂಡು ಮಾತು ನಿಂತುಹೋದ ತಾಯಂದಿರಿದ್ದಾರೆ. ಈ ತಿಂಗಳುಗಳಲ್ಲಿ ಗಂಡನ ಜೊತೆ ಸೇರಿದ್ದರೆ, ಬೇರೆ ಏನನ್ನೂ ತೀರ್ಮಾನಿಸುವ ಮೊದಲು ಮೂತ್ರಪರೀಕ್ಷೆ ಮಾಡಿಕೊಳ್ಳಿ.

ನಿಮ್ಮ ಮುಂದಿರುವ ಆಯ್ಕೆಗಳಲ್ಲಿ ಒಮ್ಮೆ ಹಾಕಿಸಿಕೊಂಡು ಮರೆತುಬಿಡಬಹುದಾದವು ಎಳೆಯ ತಾಯಂದಿರಿಗೆ ಹೆಚ್ಚು ಹೊಂದುತ್ತವೆ ಎಂಬುದು ನನ್ನ ಅಭಿಪ್ರಾಯ. ತಾಮ್ರದ ವಂಕಿ, ಅಂದರೆ ಕಾಪರ್ ಟಿ, ಸುಮಾರು ಹತ್ತು ವರ್ಷ ಕೆಲಸ ಮಾಡುತ್ತದೆ, ಬೇಡವಾದ ದಿನ ತೆಗೆಸಬಹುದು, ಹಾಲಿನ ಮೇಲೆ ಪರಿಣಾಮವಿಲ್ಲ. ಆದರೆ ಮೊದಲ ತಿಂಗಳುಗಳಲ್ಲಿ ಸ್ರಾವ, ಹೊಟ್ಟೆನೋವು ಹೆಚ್ಚಾಗುತ್ತದೆ. ಹಿಮೋಗ್ಲೋಬಿನ್ ತೀರಾ ಕಡಿಮೆ ಬಂದರೆ ನಾನಾಗಿದ್ದರೆ ಹಾರ್ಮೋನು ಇರುವ ವಂಕಿಯನ್ನೋ ತೋಳಿನ ಚರ್ಮದಡಿ ಇಡುವ ಇಂಪ್ಲಾಂಟನ್ನೋ ಮೊದಲು ಯೋಚಿಸುತ್ತೇನೆ. ಹಾರ್ಮೋನು ವಂಕಿ ಸ್ರಾವವನ್ನು ಕಡಿಮೆ ಮಾಡುತ್ತದೆ. ಇಂಪ್ಲಾಂಟ್ ಮೂರು ವರ್ಷವಾದರೂ ಬಾಳುತ್ತದೆ, ಆದರೆ ಹೇಳದೆ ಕೇಳದೆ ಅಷ್ಟಿಷ್ಟು ಸ್ರಾವವಾಗುವ ಕಿರಿಕಿರಿ ಕೆಲವರಿಗೆ ತಡೆಯಲಾಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಚುಚ್ಚುಮದ್ದು ಗುಟ್ಟಾಗಿ ಇರಿಸಿಕೊಳ್ಳಲು ಅನುಕೂಲ. ಆದರೆ ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ತಿಂಗಳುಗಟ್ಟಲೆ ತಡವಾಗಬಹುದು, ಬಹುಕಾಲ ಬಳಸಿದರೆ ಮೂಳೆಯ ಸಾಂದ್ರತೆ ತುಸು ಇಳಿಯುತ್ತದೆ. ಮಾತ್ರೆ ದಿನವೂ ನೆನಪಿಡಬೇಕು, ನಿದ್ದೆಗೆಟ್ಟ ತಾಯಿಗೆ ಅದೇ ಕಷ್ಟ. ರಕ್ತದೊತ್ತಡ, ರಕ್ತ ಹೆಪ್ಪುಗಟ್ಟಿದ ಹಿನ್ನೆಲೆ, ಕಣ್ಣಿಗೆ ಮಿಂಚು ಹೊಡೆದಂತಾಗಿ ಬರುವ ತಲೆನೋವು ಇದ್ದವರಿಗೆ ಈಸ್ಟ್ರೋಜನ್ ಎಂಬ ಹಾರ್ಮೋನು ಇರುವ ಮಾತ್ರೆ ಸಲ್ಲದು. ಕಾಂಡೋಮ್ ಒಂದನ್ನೇ ನೆಚ್ಚಿಕೊಂಡರೆ ಬಳಕೆಯ ತಪ್ಪುಗಳೂ ಸೇರಿ ವರ್ಷಕ್ಕೆ ನೂರರಲ್ಲಿ ಹದಿಮೂರು ಮಂದಿ ಗರ್ಭಿಣಿಯರಾಗುತ್ತಾರೆ, ಆದರೆ ಲೈಂಗಿಕ ಸೋಂಕನ್ನು ತಡೆಯುವುದು ಅದೊಂದೇ.

ಆಪರೇಷನ್ ಮಾತ್ರ ಈಗ ಬೇಡ. ಅಮೆರಿಕದಲ್ಲಿ ಆಪರೇಷನ್ ಆದ ಸಾವಿರಾರು ಮಹಿಳೆಯರನ್ನು ಹದಿನಾಲ್ಕು ವರ್ಷದವರೆಗೆ ವಿಚಾರಿಸಿದ ಅಧ್ಯಯನವೊಂದಿದೆ. 30 ವರ್ಷದೊಳಗೆ ಮಾಡಿಸಿಕೊಂಡವರಲ್ಲಿ ಸುಮಾರು ಶೇ. 20 ಮಂದಿ ಆಮೇಲೆ ಪಶ್ಚಾತ್ತಾಪಪಟ್ಟರು; ಅದಕ್ಕಿಂತ ದೊಡ್ಡವರಲ್ಲಿ ಶೇ. 6ರಷ್ಟು ಮಾತ್ರ. ನಿಮ್ಮದು ಇಪ್ಪತ್ತೂ ತುಂಬದ ವಯಸ್ಸು. ಬದುಕು ಮುಂದೆ ಯಾವ ತಿರುವು ತೆಗೆದುಕೊಳ್ಳುತ್ತದೆಂದು ಅತ್ತೆಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಮಗಳ ವಿಷಯಕ್ಕೆ ಬರೋಣ. ಹದಿಹರೆಯದಲ್ಲಿ ಹೆತ್ತವರಿಗೆ ಅವಧಿಪೂರ್ವ ಹೆರಿಗೆ, ಕಡಿಮೆ ತೂಕದ ಮಗು, ಗರ್ಭದ ನಂಜು (ರಕ್ತದೊತ್ತಡ ಏರಿ ಫಿಟ್ಸ್ ಬರುವ ಸ್ಥಿತಿ) ಇವುಗಳ ಅಪಾಯ 20ರಿಂದ 24ರ ವಯಸ್ಸಿನವರಿಗಿಂತ ಹೆಚ್ಚು ಎಂಬುದು ನಿಜ. ಆದರೆ ‘ಬುದ್ಧಿಯೂ ಅಷ್ಟಕ್ಕಷ್ಟೇ’ ಎಂಬುದಕ್ಕೆ ಆಧಾರವಿಲ್ಲ. ನಿಮ್ಮ ಮಗಳು ನಾಲ್ಕು ವಾರ ಮೊದಲೇ ಬಂದವಳು. ಅವಧಿಗೆ ಮುನ್ನ ಹುಟ್ಟಿದ ಮಗುವಿನ ಬೆಳವಣಿಗೆಯನ್ನು ಎರಡು ವರ್ಷದವರೆಗೆ ಆ ವಾರಗಳನ್ನು ಕಳೆದು ನೋಡಬೇಕು. ಅಂದರೆ ಅವಳು ಈಗ ಆರು ತಿಂಗಳ ಮಗುವಿನ ಲೆಕ್ಕ. ಆಸರೆಯಿಲ್ಲದೆ ಕೂರುವ ವಯಸ್ಸು ಆರೋಗ್ಯವಂತ ಮಕ್ಕಳಲ್ಲೇ ನಾಲ್ಕರಿಂದ ಒಂಬತ್ತು ತಿಂಗಳವರೆಗೆ ಹರಡಿಕೊಂಡಿದೆ. ಕುತ್ತಿಗೆ ನಿಂತಿದ್ದು, ದನಿ ಬಂದತ್ತ ತಿರುಗಿ, ಮುಖ ನೋಡಿ ನಗುತ್ತಿದ್ದರೆ ಪಕ್ಕಕ್ಕೆ ವಾಲುವುದು ಸಮಸ್ಯೆಯೇ ಅಲ್ಲ. ಇವುಗಳಲ್ಲಿ ಯಾವುದಾದರೂ ಇಲ್ಲವಾದರೆ, ಅಥವಾ ಮೈ ತೀರಾ ಬಿಗಿ, ತೀರಾ ಸಡಿಲ ಎನಿಸಿದರೆ ಮಕ್ಕಳ ವೈದ್ಯರಿಗೆ ತೋರಿಸಿ. ಕಡಿಮೆ ತೂಕದಲ್ಲಿ ಹುಟ್ಟಿದ್ದರಿಂದ ಅವಳಿಗೂ ಕಬ್ಬಿಣದ ಹನಿ ಬೇಕೇ ಎಂದು ಅವರಲ್ಲಿ ಕೇಳಿ.

ಎಳೆಯ ವಯಸ್ಸಿನಲ್ಲಿ ತಾಯಿಯಾದವರು ಬದುಕಿನಲ್ಲಿ ಹಿಂದುಳಿಯುತ್ತಾರೆ ಎಂಬ ಮಾತಿನಲ್ಲಿ ವಯಸ್ಸಿನ ಪಾಲೆಷ್ಟು, ಬಡತನದ ಪಾಲೆಷ್ಟು ಎಂದು ಬಿಡಿಸಿ ನೋಡಿದವರಿದ್ದಾರೆ. 1992ರಲ್ಲಿ ಅಮೆರಿಕದ ಸಂಶೋಧಕರಾದ ಅರ್ಲೀನ್ ಜೆರೊನಿಮಸ್ ಮತ್ತು ಸ್ಯಾಂಡರ್ಸ್ ಕೊರೆನ್ಮನ್ ಒಂದೇ ಮನೆಯ ಅಕ್ಕತಂಗಿಯರನ್ನು ಹೋಲಿಸಿದರು: ಒಬ್ಬಳು ಹದಿಹರೆಯದಲ್ಲಿ ಹೆತ್ತವಳು, ಇನ್ನೊಬ್ಬಳು ಆಮೇಲೆ. ಬೇರೆ ಬೇರೆ ಮನೆಯವರನ್ನು ಹೋಲಿಸಿದಾಗ ತಾಯಂದಿರ ಮುಂದಿನ ಓದು ಮತ್ತು ಆದಾಯದಲ್ಲಿ ಕಾಣುತ್ತಿದ್ದ ದೊಡ್ಡ ಅಂತರ ಇಲ್ಲಿ ಗಮನಾರ್ಹವಾಗಿ ಕುಗ್ಗಿತು. ವಯಸ್ಸಿನ ತಲೆಗೆ ಕಟ್ಟಿದ ಹೊರೆಯಲ್ಲಿ ದೊಡ್ಡ ಪಾಲು ಮೊದಲೇ ಇದ್ದ ಕಷ್ಟಗಳದ್ದು. ನಿಮ್ಮ ಬಂಧುಗಳಿಗೆ ಇದನ್ನು ಹೇಳಲು ಹೋಗಬೇಡಿ, ಅವರು ಒಪ್ಪುವುದಿಲ್ಲ. ನಿಮಗೆ ಗೊತ್ತಿದ್ದರೆ ಸಾಕು.

ಅಮ್ಮನ ಕೈಯಲ್ಲಿ ಮಗು ಸುಮ್ಮನಾಗುವುದು ನಿಮ್ಮನ್ನು ತಿರಸ್ಕರಿಸಿದಂತಲ್ಲ. ಮಕ್ಕಳು ಒಬ್ಬರಿಗಿಂತ ಹೆಚ್ಚು ಜನರನ್ನು ಹಚ್ಚಿಕೊಳ್ಳಬಲ್ಲರು. ನಿಮ್ಮದೇ ಆದ ಒಂದು ಹೊತ್ತನ್ನು ಮಾತ್ರ ಅಮ್ಮನಿಂದ ಬಿಡಿಸಿಕೊಳ್ಳಿ. ಸ್ನಾನವೋ ರಾತ್ರಿ ಮಲಗಿಸುವುದೋ, ಅದು ದಿನವೂ ನಿಮ್ಮದೇ. ಮೊದಲ ವಾರ ಅಳುತ್ತಾಳೆ. ಅಮ್ಮ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ‘ಐದು ನಿಮಿಷ ಕೊಡಮ್ಮ’ ಎನ್ನಿ. ತಾಯಿ-ಮಗುವಿನ ಮುಖಭಾವಗಳನ್ನು ಕ್ಷಣಕ್ಷಣಕ್ಕೆ ಅಧ್ಯಯನ ಮಾಡಿದ ಎಡ್ವರ್ಡ್ ಟ್ರಾನಿಕ್ ಕಂಡುಕೊಂಡದ್ದೇನೆಂದರೆ, ಚೆನ್ನಾಗಿ ಹೊಂದಿಕೊಂಡ ಜೋಡಿಗಳಲ್ಲೂ ಇಬ್ಬರ ಲಯ ಕೂಡಿರುವುದು ಸುಮಾರು ಮೂರನೇ ಒಂದು ಭಾಗದಷ್ಟು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಪ್ಪುವುದು, ಮತ್ತೆ ಸರಿಪಡಿಸಿಕೊಳ್ಳುವುದು. ಎಳೆಯ ತಾಯಂದಿರು ಮಗುವಿನೊಡನೆ ಮಾತಾಡುವುದು ಕಡಿಮೆ ಎಂದು ಅಧ್ಯಯನಗಳು ಹೇಳುತ್ತವೆ. ತಿದ್ದಿಕೊಳ್ಳಲು ಬಹಳ ಸುಲಭವಾದ ಕೊರತೆ ಇದು. ನನ್ನ ಬಳಿ ಬರುತ್ತಿದ್ದ ಒಬ್ಬ ಹುಡುಗಿ ಮಗುವಿಗೆ ಏನು ಮಾತಾಡುವುದೆಂದು ತಿಳಿಯದೆ, ಹಾಲೂಡಿಸುವಾಗ ತನ್ನ ಲೆಕ್ಕಶಾಸ್ತ್ರದ ಪಾಠವನ್ನೇ ಗಟ್ಟಿಯಾಗಿ ಓದುತ್ತಿದ್ದಳು. ಜಮಾ, ಖರ್ಚು, ಶಿಲ್ಕು ಎಂದು ರಾಗವಾಗಿ. ಮಗು ಅವಳ ತುಟಿಗಳನ್ನೇ ದಿಟ್ಟಿಸುತ್ತಿತ್ತು. ಪರೀಕ್ಷೆಯೂ ಪಾಸಾಯಿತು.

ಓದಿನ ವಿಚಾರದಲ್ಲಿ ನಿಮಗೆ ಮೂರು ದಾರಿಗಳಿವೆ. ಈಗಲೇ ಪೂರ್ಣಾವಧಿಗೆ ಮರಳುವುದು; ಚಿಕಿತ್ಸೆ ಶುರುವಾಗದೆ, ನಿದ್ದೆ ಕೂಡದೆ ಇದಕ್ಕೆ ಕೈ ಹಾಕಿದರೆ ನಡುವೆ ಬಿಡುವ ಅಪಾಯ ಹೆಚ್ಚು, ಎರಡನೇ ಸಲ ಬಿಟ್ಟದ್ದನ್ನು ಮತ್ತೆ ಹಿಡಿಯುವುದು ಇನ್ನೂ ಕಷ್ಟ. ದೂರಶಿಕ್ಷಣ, ಮಗುವಿಗೆ ಅನುಕೂಲ, ಆದರೆ ಮನೆಯಲ್ಲೇ ಇರುವವಳನ್ನು ಯಾರೂ ‘ಓದುತ್ತಿದ್ದಾಳೆ’ ಎಂದು ಪರಿಗಣಿಸುವುದಿಲ್ಲ, ಪುಸ್ತಕ ತೆರೆದರೆ ಯಾರೋ ಕರೆಯುತ್ತಾರೆ. ಮುಂದಿನ ಶೈಕ್ಷಣಿಕ ವರ್ಷಕ್ಕೆ ದಿನಾಂಕ ಗೊತ್ತುಮಾಡಿಕೊಂಡು ಕಾಯುವುದು ಮೂರನೆಯದು. ನಿಮ್ಮ ಸ್ಥಿತಿಯಲ್ಲಿ ನಾನು ಇದನ್ನೇ ಆರಿಸುತ್ತೇನೆ. ಈ ತಿಂಗಳುಗಳನ್ನು ಚಿಕಿತ್ಸೆಗೆ ಕೊಡಿ. ಕಾಲೇಜು ಶುರುವಾಗುವ ಹೊತ್ತಿಗೆ ಮಗಳಿಗೆ ವರ್ಷ ದಾಟಿದ್ದರೆ ಹಗಲಿನ ಹಾಲಿನ ಒತ್ತಡವೂ ತಗ್ಗಿರುತ್ತದೆ. ‘ನೋಡೋಣ’ ಎಂದು ಕಾಯುವುದು ಮಾತ್ರ ದಾರಿಯೇ ಅಲ್ಲ, ದಿನಾಂಕವಿಲ್ಲದ ಕಾಯುವಿಕೆಯಲ್ಲಿ ಹುಡುಗಿಯರ ಓದು ಸದ್ದಿಲ್ಲದೆ ಕಳೆದುಹೋಗುತ್ತದೆ. ತರಗತಿಯ ಹೊತ್ತಿನಲ್ಲಿ ಮಗು ಯಾರ ಬಳಿ, ಮಗುವಿಗೆ ಜ್ವರ ಬಂದ ದಿನ ಯಾರು ಉಳಿಯುತ್ತಾರೆ ಎಂಬ ಎರಡಕ್ಕೆ ಅಮ್ಮನ ಜೊತೆ ಕುಳಿತು ಈಗಲೇ ಉತ್ತರ ಹುಡುಕಿಕೊಳ್ಳಿ.

ಕಾಲೇಜಿನ ಕಚೇರಿಗೆ ಒಮ್ಮೆ ಹೋಗಿ ಬನ್ನಿ, ಒಬ್ಬರೇ ಹೋಗಲು ಧೈರ್ಯ ಬಾರದಿದ್ದರೆ ಅಮ್ಮನನ್ನೋ ಗೆಳತಿಯನ್ನೋ ಜೊತೆಗೆ ಕರೆದುಕೊಳ್ಳಿ. ನಿಮ್ಮ ಪ್ರವೇಶ ಎಷ್ಟು ವರ್ಷ ಊರ್ಜಿತವಾಗಿರುತ್ತದೆ, ಬಿಟ್ಟ ಪರೀಕ್ಷೆಗೆ ಮರುನೋಂದಣಿ ಯಾವಾಗ, ಆರೋಗ್ಯದ ಕಾರಣಕ್ಕೆ ವಿರಾಮ ಪಡೆಯಲು ವೈದ್ಯರ ಪತ್ರ ಬೇಕೇ ಎಂದು ಕೇಳಿ. ಪತ್ರ ಬೇಕೆಂದರೆ ಹೆರಿಗೆ ಮಾಡಿಸಿದ ವೈದ್ಯರು ಬರೆದುಕೊಡುತ್ತಾರೆ. ಕಚೇರಿಯವರು ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ ಬರಬೇಡಿ, ಉತ್ತರವನ್ನು ಬರಹದಲ್ಲೇ ಪಡೆದುಕೊಳ್ಳಿ.